ತೇರು ಯಾಕೆ ಚಲಿಸಲಿಲ್ಲ, ಬಯಲಾಟದಲ್ಲಿ ಪಟ್ಟೆ ಯಾಕೆ ಬಂದವು?

ಮೊಬೈಲ್ ಕ್ಯಾಮೆರಾದ ಲೈವ್ ಫೋಟೊ, ಸ್ಲೋ ಮೋಷನ್, ಟೈಮ್‌ಲ್ಯಾಪ್ಸ್ (ಬಿಟ್ಟು ಬಿಟ್ಟು ತೆಗೆದ ಚಿತ್ರಗಳನ್ನು ವೇಗವಾಗಿ ಓಡಿಸುವ ವಿಡಿಯೊ) ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ. ಮುಕ್ಕಾಲು ಪಾಲು ದೂರುಗಳ ಬೇರು ಒಂದೇ: ಒಂದೊಂದು ಫ್ರೇಮ್‌ಗೆ, ಅಂದರೆ ವಿಡಿಯೊದ ಒಂದೊಂದು ಬಿಡಿ ಚಿತ್ರಕ್ಕೆ, ಬೆಳಕು ಕುಡಿಯಲು ಎಷ್ಟು ಹೊತ್ತು ಸಿಕ್ಕಿತು ಎಂಬುದು. ಫೋನಿನ ಬೆಲೆಯನ್ನು ಆಮೇಲೆ ನೋಡಿದರಾಯಿತು.

ಗವಿಮಠದ ಜಾತ್ರೆಯಲ್ಲಿ ತೇರಿನ ಲೈವ್ ಫೋಟೊ ತೆಗೆದೆ. ನನ್ನ ಫೋನಿನಲ್ಲಿ ಒತ್ತಿ ಹಿಡಿದರೆ ಚಲಿಸುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಬರೀ ಫೋಟೊ ಆಗಿ ಹೋಗುತ್ತದೆ. ಯಾಕೆ? (ಕೊಪ್ಪಳ)

ಲೈವ್ ಫೋಟೊ ಎಂದರೆ ಒಂದು ಚಿತ್ರವಲ್ಲ, ಒಂದು ಜೋಡಿ. 2015ರಲ್ಲಿ ಐಫೋನ್ 6ಎಸ್ ಜೊತೆ ಬಂದ ಈ ಸೌಲಭ್ಯದಲ್ಲಿ ಒಂದು ಸ್ಥಿರಚಿತ್ರ, ಜೊತೆಗೆ ಬಟನ್ ಒತ್ತುವ ಮೊದಲಿನ ಒಂದೂವರೆ ಸೆಕೆಂಡ್ ಮತ್ತು ನಂತರದ ಒಂದೂವರೆ ಸೆಕೆಂಡ್ ವಿಡಿಯೊ ಇರುತ್ತದೆ. ಸ್ಯಾಮ್‌ಸಂಗ್, ಪಿಕ್ಸೆಲ್ ಮುಂತಾದ ಆಂಡ್ರಾಯ್ಡ್ ಫೋನ್‌ಗಳಲ್ಲಿ ಇದರ ಹೆಸರು ಮೋಷನ್ ಫೋಟೊ. ಅಲ್ಲಿ ಒಂದೇ ಫೋಟೊ ಫೈಲಿನ ಬಾಲಕ್ಕೆ ಪುಟ್ಟ ವಿಡಿಯೊ ಅಂಟಿಕೊಂಡಿರುತ್ತದೆ. ಕಳಿಸುವಾಗ ಆ್ಯಪ್ ಫೋಟೊವನ್ನು ಕುಗ್ಗಿಸಿ ಹೊಸದಾಗಿ ಬರೆದರೆ ಮೊದಲು ಹೋಗುವುದು ಈ ಬಾಲವೇ. ಬೇರೆ ಆ್ಯಪ್‌ನಲ್ಲಿ ತಿದ್ದಿ ಉಳಿಸಿದರೂ ಅದೇ ಗತಿ.

ಅದನ್ನು ವಿಡಿಯೊ ಮಾಡಿಯೇ ಕಳಿಸಿ. ಐಫೋನಿನ ಫೋಟೋಸ್‌ನಲ್ಲಿ ಆ ಚಿತ್ರ ತೆರೆದು ಮೆನುವಿನಲ್ಲಿ ‘ಸೇವ್ ಆ್ಯಸ್ ವಿಡಿಯೊ’ ಆರಿಸಿ. ಆಂಡ್ರಾಯ್ಡ್‌ನಲ್ಲಿ ಗೂಗಲ್ ಫೋಟೋಸ್ ಮೂಲಕ ಚಿತ್ರ ತೆರೆದು, ಮೂರು ಚುಕ್ಕಿ ಒತ್ತಿ, ‘ಎಕ್ಸ್‌ಪೋರ್ಟ್’ಗೆ ಹೋಗಿ ವಿಡಿಯೊ ಆರಿಸಿ. ಕಳಿಸುವ ಮುನ್ನ ಒಮ್ಮೆ ಕೇಳಿಸಿಕೊಳ್ಳುವುದು ಒಳ್ಳೆಯದು. ಇದರಲ್ಲಿ ಧ್ವನಿಯೂ ಇರುತ್ತದೆ, ಪಕ್ಕದಲ್ಲಿ ನಿಂತವರು ಆಡಿದ ಮಾತೂ ಹೋಗಿಬಿಡುತ್ತದೆ.

ಇನ್ನೊಂದು ಮಾತು. ತೇರು ಮೂರು ಸೆಕೆಂಡಿನಲ್ಲಿ ಎಷ್ಟು ದೂರ ಸಾಗೀತು? ಗಾಲಿ ಕಾಲು ಸುತ್ತೂ ತಿರುಗುವುದಿಲ್ಲ. ತೇರಿಗೆ ಇಪ್ಪತ್ತು ಸೆಕೆಂಡಿನ ಮಾಮೂಲಿ ವಿಡಿಯೊ ಚೆನ್ನ. ಲೈವ್ ಫೋಟೊ ಸರಿಹೊಂದುವುದು ಜನ ಉತ್ತತ್ತಿ ಎಸೆಯುವ ಆ ಗಳಿಗೆಗೆ. ಒತ್ತುವ ಎರಡು ಸೆಕೆಂಡ್ ಮೊದಲೇ ಕೈ ನಿಲ್ಲಿಸಿ, ಒತ್ತಿದ ಮೇಲೆ ಎರಡು ಸೆಕೆಂಡ್ ಇಳಿಸಬೇಡಿ. ಹೆಚ್ಚಿನವರ ಲೈವ್ ಫೋಟೊ ನೆಲದಿಂದ ಶುರುವಾಗಿ ಚಪ್ಪಲಿಯಲ್ಲಿ ಮುಗಿಯುವುದು ಇದಕ್ಕೇ. ‘ಎಡಿಟ್’ನಲ್ಲಿ ಬೇರೆ ಫ್ರೇಮನ್ನು ಮುಖ್ಯ ಚಿತ್ರವಾಗಿ ಆರಿಸಬಹುದು. ಆದರೆ ಅದು ವಿಡಿಯೊದ ಫ್ರೇಮ್ ಆದ್ದರಿಂದ ಮೂಲ ಚಿತ್ರದಷ್ಟು ಸ್ಪಷ್ಟವಾಗಿರದು. ದೊಡ್ಡ ಪ್ರಿಂಟ್ ಹಾಕಿಸುವವರು ಮೂಲವನ್ನೇ ಇಟ್ಟುಕೊಳ್ಳಲಿ.

ರಾತ್ರಿ ಬಯಲಾಟ ಚಿತ್ರಿಸಿದರೆ ಪರದೆ ಮೇಲೆ ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ಓಡುತ್ತವೆ. ಪಾತ್ರಧಾರಿಗಳ ಮುಖ ಬೆಳ್ಳಗೆ ಸುಟ್ಟಂತೆ ಕಾಣುತ್ತದೆ. ಕ್ಯಾಮೆರಾ ಕೆಟ್ಟಿದೆಯೇ? (ಬಳ್ಳಾರಿ ತಾಲ್ಲೂಕು)

ಕ್ಯಾಮೆರಾ ಕೆಟ್ಟಿಲ್ಲ. ನಮ್ಮ ಕರೆಂಟು 50 ಹರ್ಟ್ಸ್. ಆ ಕರೆಂಟಿನಲ್ಲಿ ಉರಿಯುವ ದೀಪ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಕಣ್ಣಿಗೆ ಅದು ಕಾಣುವುದಿಲ್ಲ. ಫೋನಿನ ಸೆನ್ಸರ್ ಇಡೀ ಚಿತ್ರವನ್ನು ಒಮ್ಮೆಗೇ ಓದದೆ ಸಾಲು ಸಾಲಾಗಿ ಮೇಲಿಂದ ಕೆಳಗೆ ಓದುತ್ತದೆ. ಶಟರ್ ವೇಗ (ಬೆಳಕು ಒಳಬಿಡುವ ಹೊತ್ತು) ಸೆಕೆಂಡಿನ 1/1000 ಇದ್ದರೆ, ಮೇಲಿನ ಸಾಲು ದೀಪ ಏರಿದ ಹೊತ್ತಿನದು, ಕೆಳಗಿನ ಸಾಲು ಇಳಿದ ಹೊತ್ತಿನದು. ಅದೇ ಪಟ್ಟೆ. ಹಳೇ ಬುರುಡೆ ಬಲ್ಬಿನ ತಂತಿ ಕಾದೇ ಇರುತ್ತಿದ್ದರಿಂದ ಏರಿಳಿತ ಕಡಿಮೆ ಇತ್ತು. ಅಗ್ಗದ ಎಲ್‌ಇಡಿ ಹಾಗಲ್ಲ, ಪೂರ್ತಿ ಆರಿ ಹತ್ತುತ್ತದೆ.

ಆದ್ದರಿಂದ ಶಟರ್ ತೆರೆದಿರುವ ಹೊತ್ತು ದೀಪದ ಒಂದು ಪೂರ್ತಿ ಏರಿಳಿತವನ್ನೋ ಎರಡನ್ನೋ ನುಂಗಬೇಕು, ಅಂದರೆ 1/100 ಅಥವಾ 1/50. ಫೋನಿನಲ್ಲಿ ‘ಪ್ರೊ ವಿಡಿಯೊ’ ಇದ್ದರೆ ಶಟರನ್ನು 1/50ಕ್ಕೆ ಕೂರಿಸಿ, ಐಎಸ್ಒ (ಸೆನ್ಸರ್ ಬೆಳಕಿಗೆ ತೋರುವ ಸೂಕ್ಷ್ಮತೆ) ಮಾತ್ರ ಮೇಲೆ ಕೆಳಗೆ ಮಾಡಿ. ಕೆಲವು ಫೋನ್‌ಗಳ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ‘ಆಂಟಿ ಬ್ಯಾಂಡಿಂಗ್’ ಎಂದಿರುತ್ತದೆ. ಅದನ್ನು 50 ಹರ್ಟ್ಸ್‌ಗೆ ಇಡಿ, 60 ಅಮೆರಿಕದ ಲೆಕ್ಕ. ಐಫೋನಿನವರು ಸೆಟ್ಟಿಂಗ್ಸ್, ಕ್ಯಾಮೆರಾ, ರೆಕಾರ್ಡ್ ವಿಡಿಯೊ ಒಳಗೆ ‘ಶೋ ಪಾಲ್ ಫಾರ್ಮ್ಯಾಟ್ಸ್’ ಆನ್ ಮಾಡಿದರೆ ಸೆಕೆಂಡಿಗೆ 25 ಫ್ರೇಮ್‌ನ ಆಯ್ಕೆ ಬರುತ್ತದೆ. ನಮ್ಮ ದೀಪಗಳಿಗೆ 30ಕ್ಕಿಂತ ಅದೇ ಹೊಂದುತ್ತದೆ.

ಇಷ್ಟು ಮಾಡಿದರೂ ಪಟ್ಟೆ ನಿಧಾನವಾಗಿ ತೆವಳುತ್ತಿದೆಯೇ? ಜನರೇಟರ್ ಓಡುತ್ತಿದೆಯೇ ನೋಡಿ. ಬಾಡಿಗೆ ಜನರೇಟರ್ ಲೋಡ್ ಏರಿದಂತೆ 50ರ ಆಚೀಚೆ ಜಾರುತ್ತದೆ, ಆಗ ನಿಮ್ಮ ಲೆಕ್ಕ ಸ್ವಲ್ಪ ತಪ್ಪುತ್ತದೆ. 1/100 ಬಿಟ್ಟು 1/50 ಅಥವಾ 1/25 ಹಿಡಿದರೆ ಉಳಿಯುವುದು ಕಂಡೂ ಕಾಣದಷ್ಟು ಮಿಡಿತ ಮಾತ್ರ. ಬಣ್ಣ ಬದಲಿಸುವ ಸ್ಟೇಜ್ ಲೈಟ್‌ಗಳ ಕಥೆಯೇ ಬೇರೆ. ಬೆಳಕು ತಗ್ಗಿಸಲು ಅವು ತಮ್ಮದೇ ವೇಗದಲ್ಲಿ ಆರಿ ಹತ್ತುತ್ತವೆ, 50ರ ಲೆಕ್ಕಕ್ಕೆ ಸಿಗುವುದಿಲ್ಲ. ಅಲ್ಲಿ ಶಟರನ್ನು ಒಂದೊಂದೇ ಮೆಟ್ಟಿಲು ಬದಲಿಸುತ್ತಾ ಪಟ್ಟೆ ಮಾಯವಾಗುವ ಕಡೆ ನಿಲ್ಲಿಸುವುದೇ ದಾರಿ. ಎಣ್ಣೆ ದೀಪದ ಬೆಳಕಿನಲ್ಲಿ ಆಡಿಸುವ ತೊಗಲುಗೊಂಬೆ ಆಟಕ್ಕೆ ಈ ಯಾವ ಕಾಟವೂ ಇಲ್ಲ.

ಮುಖ ಸುಡುವುದಕ್ಕೆ ಕಾರಣ ಹಿಂದಿನ ಕತ್ತಲು. ಕ್ಯಾಮೆರಾ ಇಡೀ ಚೌಕಟ್ಟಿನ ಸರಾಸರಿ ನೋಡಿ ‘ಕತ್ತಲಿದೆ’ ಎಂದು ಬೆಳಕು ಏರಿಸುತ್ತದೆ. ಪಾತ್ರಧಾರಿಯ ಮುಖದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಬೀಗ ಬಿದ್ದ ಗುರುತು ಬಂದ ಮೇಲೆ ಸೂರ್ಯನ ಚಿಹ್ನೆಯನ್ನು ಕೆಳಗೆ ಎಳೆಯಿರಿ. ಕಿರೀಟದ ಮಿಂಚು ತುಸು ಮಂಕಾಗುವಷ್ಟು ಇಳಿಸಿದರೆ ಮುಖ ಸರಿಯಾಗಿರುತ್ತದೆ. ಲೌಡ್‌ಸ್ಪೀಕರ್ ಕಂಬದ ಬುಡದಲ್ಲಿ ಮಾತ್ರ ನಿಲ್ಲಬೇಡಿ, ಮದ್ದಳೆಯ ಹೊಡೆತಕ್ಕೆ ಫೋನಿನ ಮೈಕ್ ಒಡೆದ ಧ್ವನಿ ಕೊಡುತ್ತದೆ. ಆಮೇಲೆ ಅದನ್ನು ಸರಿಪಡಿಸಲು ಆಗುವುದಿಲ್ಲ.

ಕಾರಹುಣ್ಣಿಮೆಗೆ ಎತ್ತು ಓಡಿಸುವುದನ್ನು 960 ಫ್ರೇಮ್ ಸ್ಲೋ ಮೋಷನ್‌ನಲ್ಲಿ ತೆಗೆದೆ. ಕಾಳು ಕಾಳಾಗಿ, ಕಾಲುಗಳು ಕರಗಿದಂತೆ ಬಂದಿವೆ. (ಕುಷ್ಟಗಿ)

ಎತ್ತು ಓಡಿಸಿ ಕರಿ ಹರಿಯುವುದು ಸಂಜೆ. ಸೆಕೆಂಡಿಗೆ 960 ಫ್ರೇಮ್ ಎಂದರೆ ಒಂದು ಫ್ರೇಮ್‌ಗೆ ಸಿಗುವ ಬೆಳಕು ಹೆಚ್ಚೆಂದರೆ ಸೆಕೆಂಡಿನ 1/960 ಭಾಗ. ಮಾಮೂಲಿ 30 ಫ್ರೇಮ್ ವಿಡಿಯೊಗೆ ಹೋಲಿಸಿದರೆ ಮೂವತ್ತೆರಡರಲ್ಲಿ ಒಂದು ಪಾಲು. ಆ ಕೊರತೆ ತುಂಬಲು ಫೋನ್ ಐಎಸ್ಒ ಏರಿಸುತ್ತದೆ, ಕಾಳು ಬರುತ್ತದೆ. ಕಾಲು ಕರಗುವುದಕ್ಕೆ ಕಾರಣ ಬೇರೆ: ಹಲವು ಫೋನ್‌ಗಳು ಅಷ್ಟೊಂದು ಫ್ರೇಮ್ ನಿಜವಾಗಿ ತೆಗೆಯುವುದೇ ಇಲ್ಲ. ಕಡಿಮೆ ತೆಗೆದು ನಡುವಿನವನ್ನು ಊಹಿಸಿ ತುಂಬುತ್ತವೆ. ಗೊರಸು, ಕೋಡು, ಹಗ್ಗದಂಥ ವೇಗದ ಅಂಚುಗಳಲ್ಲಿ ಆ ಊಹೆ ತಪ್ಪುತ್ತದೆ. ನಿಜವಾಗಿ ತೆಗೆಯುವ ಫೋನ್‌ಗಳಿಗೂ ಮಿತಿ ಉಂಟು. 2018ರ ಗ್ಯಾಲಕ್ಸಿ ಎಸ್9ರಲ್ಲಿ 960ರ ವೇಗ ಸಿಗುತ್ತಿದ್ದುದು ಬರೀ 0.2 ಸೆಕೆಂಡ್, ಅದೇ ಸುಮಾರು 6 ಸೆಕೆಂಡ್ ಆಗಿ ಹಿಗ್ಗುತ್ತಿತ್ತು. ಓಡಿ ಬರುವ ಎತ್ತಿಗೆ ಆ ಕ್ಷಣ ಹಿಡಿಯುವುದು ಲಾಟರಿ.

240 ಸಾಕು. 30ರಲ್ಲಿ ಆಡಿಸಿದರೆ ಎಂಟು ಪಟ್ಟು ನಿಧಾನ, ಒಂದು ಸೆಕೆಂಡಿನ ಓಟ ಎಂಟು ಸೆಕೆಂಡ್. ಬಿಸಿಲು ಇಳಿದಿದ್ದರೆ 120ಕ್ಕೆ ಬನ್ನಿ, ಬೆಳಕು ಇಮ್ಮಡಿ ಸಿಗುತ್ತದೆ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು, ಎತ್ತು ಹಾಯುವ ಜಾಗದ ನೆಲಕ್ಕೆ ಮೊದಲೇ ಫೋಕಸ್ ಲಾಕ್ ಮಾಡಿ, ಫೋನನ್ನು ಅಡ್ಡ ಹಿಡಿದು ಕಾಯಿರಿ. ಎತ್ತಿನ ಹಾದಿಯಿಂದ ದೂರ ನಿಂತು, ಎರಡು ಅಥವಾ ಮೂರು ಪಟ್ಟು ಹತ್ತಿರ ತೋರುವ ಪ್ರತ್ಯೇಕ ಲೆನ್ಸ್ ಇದ್ದರೆ ಅದನ್ನು ಬಳಸಿ. ಬೆರಳಿನಿಂದ ಜೂಮ್ ಎಳೆದರೆ ಕಾಳು ಇನ್ನೂ ಹೆಚ್ಚುತ್ತದೆ. ಜಾಗವನ್ನೂ ನೋಡಿಕೊಳ್ಳಿ: ಐಫೋನಿನ ಲೆಕ್ಕದಲ್ಲಿ 1080ಪಿ, 240 ಫ್ರೇಮ್‌ನ ಒಂದು ನಿಮಿಷಕ್ಕೆ ಸುಮಾರು 480 ಎಂಬಿ ಬೇಕು. ಅದೇ 30 ಫ್ರೇಮ್‌ನಲ್ಲಿ ಸುಮಾರು 60.

ದೀಪದ ಬೆಳಕಿನಲ್ಲಿ 240 ಹಿಡಿಯಬೇಡಿ. ಶಟರನ್ನು 1/240ಕ್ಕಿಂತ ನಿಧಾನ ಮಾಡಲು ಆಗುವುದಿಲ್ಲವಾದ್ದರಿಂದ ಮೇಲೆ ಹೇಳಿದ ಮದ್ದು ಇಲ್ಲಿ ನಾಟುವುದಿಲ್ಲ.

ಬೇಸಿಗೆ ಭತ್ತದ ಕಟಾವಿನ ಟೈಮ್‌ಲ್ಯಾಪ್ಸ್‌ಗೆ ಫೋನ್ ಇಟ್ಟಿದ್ದೆ. ಇಪ್ಪತ್ತು ನಿಮಿಷಕ್ಕೆ ತಾನೇ ನಿಂತಿತು. ಎಷ್ಟು ಸೆಕೆಂಡಿಗೆ ಒಂದು ಫ್ರೇಮ್ ಇಡಬೇಕು ಎಂಬುದೂ ತಿಳಿಯದು. (ಸಿಂಧನೂರು)

ನಿಂತದ್ದು ಕಾವಿಗೆ. ಐಫೋನನ್ನು 0ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ಬಳಸಿ ಎಂದು ಆ್ಯಪಲ್ ಹೇಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಸೀಮೆಯ ನೆರಳೇ 40 ದಾಟುತ್ತದೆ. ಮೊದಲು ಪರದೆ ಮಂಕಾಗುತ್ತದೆ, ಫ್ಲ್ಯಾಶ್ ಕೆಲಸ ಬಿಡುತ್ತದೆ, ಆಮೇಲೆ ಕ್ಯಾಮೆರಾ ಮುಚ್ಚುತ್ತದೆ. ಕವರ್ ತೆಗೆಯಿರಿ, ಛತ್ರಿ ಕಟ್ಟಿ ನೆರಳು ಮಾಡಿ, 4ಕೆ ಬಿಟ್ಟು 1080ಪಿಗೆ ಇಳಿಸಿ, ಪರದೆಯ ಬೆಳಕು ತಗ್ಗಿಸಿ. ಪವರ್ ಬ್ಯಾಂಕ್ ಚುಚ್ಚಿಟ್ಟರೆ ಚಾರ್ಜಿನ ಕಾವೂ ಸೇರುತ್ತದೆ, ಆದ್ದರಿಂದ ಮೊದಲೇ ತುಂಬಿಸಿಕೊಂಡು ಹೋಗಿ. ಬಿಸಿಯಾದ ಫೋನನ್ನು ಫ್ರಿಜ್‌ನಲ್ಲಿ ಇಟ್ಟರೆ ಒಳಗೆ ತೇವ ಕಟ್ಟಿ ಲೆನ್ಸ್ ಮಂಜಾಗಬಹುದು. ಫ್ಯಾನ್ ಗಾಳಿ ಸಾಕು. ಏರೋಪ್ಲೇನ್ ಮೋಡ್ ಹಾಕುವುದನ್ನು ಮರೆಯಬೇಡಿ, ನಡುವೆ ಬಂದ ಒಂದು ಕರೆ ರೆಕಾರ್ಡಿಂಗನ್ನೇ ನಿಲ್ಲಿಸಿಬಿಡುತ್ತದೆ.

ಅಂತರದ ಲೆಕ್ಕ ಸುಲಭ. ಬೇಕಾದ ವಿಡಿಯೊ ಎಷ್ಟು ಸೆಕೆಂಡ್ ಎಂದು ಮೊದಲು ನಿರ್ಧರಿಸಿ. 20 ಸೆಕೆಂಡ್ ಬೇಕಾದರೆ, ಸೆಕೆಂಡಿಗೆ 30ರಂತೆ 600 ಫ್ರೇಮ್. ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಒಂದೂವರೆ ಗಂಟೆಯ ಸೂರ್ಯಾಸ್ತ ಹಿಡಿಯುತ್ತೀರಿ ಎನ್ನೋಣ: 5400 ಸೆಕೆಂಡ್, 600 ಫ್ರೇಮ್, ಒಂಬತ್ತು ಸೆಕೆಂಡಿಗೆ ಒಂದು. ಕಟಾವಿನ ಯಂತ್ರ ಚುರುಕಾಗಿ ಓಡುವುದರಿಂದ ಒಂಬತ್ತು ಸೆಕೆಂಡ್ ಬಿಟ್ಟರೆ ಅದು ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ಅದಕ್ಕೆ ಒಂದರಿಂದ ಎರಡು ಸೆಕೆಂಡ್ ಇಡಿ. ಎರಡಾದರೆ ಒಂದು ಗಂಟೆಯ ಕೆಲಸ ಒಂದು ನಿಮಿಷವಾಗುತ್ತದೆ. ಫೋನ್ 10ಎಕ್ಸ್, 30ಎಕ್ಸ್, 120ಎಕ್ಸ್ ಎಂದು ತೋರಿಸುತ್ತಿದ್ದರೆ ಅವನ್ನು 30ರಿಂದ ಭಾಗಿಸಿ: 30ಎಕ್ಸ್ ಎಂದರೆ ಸೆಕೆಂಡಿಗೊಂದು ಫ್ರೇಮ್, 120ಎಕ್ಸ್ ಎಂದರೆ ನಾಲ್ಕು ಸೆಕೆಂಡಿಗೊಂದು. ಐಫೋನಿನಲ್ಲಿ ಈ ಆಯ್ಕೆಯೇ ಇಲ್ಲ. ಚಿತ್ರಣ ಉದ್ದವಾದಂತೆ ಅದು ತಾನಾಗಿ ಫ್ರೇಮ್ ಉದುರಿಸಿ ಕೊನೆಯ ವಿಡಿಯೊವನ್ನು ಸುಮಾರು 20ರಿಂದ 40 ಸೆಕೆಂಡಿನೊಳಗೆ ಇಡುತ್ತದೆ.

ಹೊಲದಲ್ಲಿ ಮೋಡ ಹಾದಾಗ ಚಿತ್ರ ಮಿಣುಕದಂತೆ ಎಕ್ಸ್‌ಪೋಷರ್ (ಬೆಳಕಿನ ಮಟ್ಟ) ಲಾಕ್ ಮಾಡಿ. ಸೂರ್ಯಾಸ್ತಕ್ಕೆ ಲಾಕ್ ಮಾಡಿದರೆ ಅರ್ಧ ವಿಡಿಯೊ ಕತ್ತಲೆ.

ಮುನಿರಾಬಾದ್ ಕಡೆಯಿಂದ ತುಂಗಭದ್ರಾ ಅಣೆಕಟ್ಟಿನ ನೀರು ಹಾಲಿನಂತೆ, ನಯವಾಗಿ ಕಾಣುವ ಹಾಗೆ ತೆಗೆಯುವುದು ಹೇಗೆ? (ಕೊಪ್ಪಳ ತಾಲ್ಲೂಕು)

33 ಕ್ರೆಸ್ಟ್ ಗೇಟ್‌ಗಳಲ್ಲಿ ಒಂದೆರಡನ್ನು ಮಾತ್ರ ಚೌಕಟ್ಟಿಗೆ ತಂದುಕೊಳ್ಳಿ. ಎಲ್ಲವನ್ನೂ ತುಂಬಿಸಿದರೆ ನೀರು ಬಿಳಿ ಗೆರೆಯಷ್ಟೇ ಆಗುತ್ತದೆ. ಐಫೋನಿನಲ್ಲಿ ಲೈವ್ ಫೋಟೊ ತೆಗೆದು, ಎಡ ಮೂಲೆಯ ‘ಲೈವ್’ ಮೆನುವಿನಲ್ಲಿ ‘ಲಾಂಗ್ ಎಕ್ಸ್‌ಪೋಷರ್’ ಆರಿಸಿ. ಮೂರು ಸೆಕೆಂಡಿನ ಫ್ರೇಮ್‌ಗಳನ್ನು ಒಂದರ ಮೇಲೊಂದು ಪೇರಿಸುವ ಕೆಲಸ ಅದು. ಕೈ ನಡುಗಿದರೆ ಕಲ್ಲೂ ಹಾಲಾಗುತ್ತದೆ, ಆದ್ದರಿಂದ ಕಟ್ಟೆಗೆ ಒರಗಿಸಿ ಹಿಡಿಯಿರಿ. ಪಿಕ್ಸೆಲ್ 6 ಮತ್ತು ಅದರ ನಂತರದವುಗಳಲ್ಲಿ ಇದೇ ಹೆಸರಿನ ಮೋಡ್ ಇದೆ. ಬೇರೆ ಫೋನ್‌ಗಳಲ್ಲಿ ಪ್ರೊ ಮೋಡ್‌ಗೆ ಹೋಗಿ ಐಎಸ್ಒ 50, ಶಟರ್ ಅರ್ಧ ಸೆಕೆಂಡ್. ಬಹುತೇಕ ಫೋನ್‌ಗಳ ಲೆನ್ಸ್ ಕಿಂಡಿ ಕಿರಿದು ಮಾಡಲು ಬರುವುದಿಲ್ಲವಾದ್ದರಿಂದ ಮಧ್ಯಾಹ್ನ ಇದು ಬರೀ ಬಿಳುಪು. ಸೂರ್ಯ ಮುಳುಗಿದ ಮೇಲಿನ ಹದಿನೈದು ನಿಮಿಷ ಒಳ್ಳೆಯ ಹೊತ್ತು. ಹಗಲಲ್ಲೇ ಬೇಕಾದರೆ ಲೆನ್ಸ್ ಮುಂದೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಸಿಕ್ಕಿಸಬೇಕು.

ಬೈಕ್ ಹ್ಯಾಂಡಲ್‌ಗೆ ಫೋನ್ ಕಟ್ಟಿ ಲಿಂಗಸುಗೂರು ರಸ್ತೆಯ ಹೈಪರ್‌ಲ್ಯಾಪ್ಸ್ (ಸಾಗುತ್ತಾ ತೆಗೆಯುವ ಟೈಮ್‌ಲ್ಯಾಪ್ಸ್) ಮಾಡಬಹುದೇ? (ರಾಯಚೂರು)

ಬೇಡ. ಎಂಜಿನ್ ನಡುಕದಿಂದ ಲೆನ್ಸ್ ಅಲುಗಾಟ ತಡೆಯುವ ಒಳಗಿನ ಪುಟ್ಟ ಯಂತ್ರ ಹಾಳಾಗಬಹುದು ಎಂದು ಆ್ಯಪಲ್ 2021ರಲ್ಲೇ ಎಚ್ಚರಿಸಿದೆ. ಹಾಳಾದರೆ ನಿಂತ ವಿಡಿಯೊವೂ ನಡುಗುತ್ತದೆ. ಬಸ್ಸಿನ ಅಥವಾ ಕಾರಿನ ಮುಂದಿನ ಸೀಟಿನಿಂದ ಕೈಯಲ್ಲೇ ಹಿಡಿದು ತೆಗೆಯಿರಿ. ಅಲುಗಾಟ ತಡೆಯುವ ಸಾಫ್ಟ್‌ವೇರ್ ಅಂಚು ಕತ್ತರಿಸುತ್ತದೆ, ಅದಕ್ಕೆ ಚೌಕಟ್ಟನ್ನು ತುಸು ಅಗಲ ಇಟ್ಟುಕೊಳ್ಳಿ.

ರಾತ್ರಿ ವಿಡಿಯೊದಲ್ಲಿ ಪ್ರತಿ ದೀಪದಿಂದ ಉದ್ದನೆಯ ಗೆರೆ ಎಳೆದಂತೆ ಕಾಣುತ್ತದೆ. (ಸಂಡೂರು)

ಲೆನ್ಸ್ ಮೇಲಿನ ಬೆರಳ ಜಿಡ್ಡು. ಆದರೆ ನಿಮ್ಮ ಕಡೆ ಅಂಗಿ ತುದಿಯಿಂದ ಒರೆಸುವುದು ಅಪಾಯ: ಅದಿರಿನ ಕೆಂಪು ದೂಳು ಗಾಜಿನಷ್ಟೇ ಗಟ್ಟಿ, ಒರೆಸಿದಷ್ಟೂ ಲೇಪನ ಗೀರುತ್ತದೆ. ಮೊದಲು ರಬ್ಬರ್ ಬ್ಲೋವರ್‌ನಿಂದ ಗಾಳಿ ಊದಿ ದೂಳು ಹಾರಿಸಿ. ಆಮೇಲೆ ಕನ್ನಡಕ ಒರೆಸುವ ಮೈಕ್ರೊಫೈಬರ್ ಬಟ್ಟೆಗೆ ಬಾಯಿಯ ಹಬೆ ಕೊಟ್ಟು, ಒತ್ತದೆ ಒಂದು ಸುತ್ತು ಒರೆಸಿ. ಆ ಬಟ್ಟೆಯನ್ನು ಜೇಬಿನಲ್ಲಿ ಬಿಡಿಯಾಗಿ ಇಡದೆ ಜಿಪ್ ಚೀಲದಲ್ಲಿ ಇಟ್ಟುಕೊಳ್ಳಿ, ವಾರಕ್ಕೊಮ್ಮೆ ತೊಳೆಯಿರಿ.