ಹಳೆಯ ಶೂಗೆ ಹೊಸ ಬಣ್ಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನಲ್ಲಿ ಕಂದು ಬಣ್ಣದ ಹಳೆಯ ಚರ್ಮದ ಶೂಗಳಿವೆ. ಅಟ್ಟೆ, ಹೊಲಿಗೆ ಎರಡೂ ಗಟ್ಟಿಯಾಗಿವೆ. ಮೂತಿಯ ಭಾಗದಲ್ಲಿ ಮಾತ್ರ ಉಜ್ಜಿ ಬಣ್ಣ ಹೋಗಿದೆ. ಕಪ್ಪು ಪಾಲಿಶ್ ಹಚ್ಚಿ ನೋಡಿದರೆ ಪ್ಯಾಂಟಿನ ಅಂಚು ಕಪ್ಪಾಯಿತೇ ಹೊರತು ಶೂ ಕಪ್ಪಾಗಲಿಲ್ಲ. ಗೇಟಿಗೆ ಬಳಿದು ಉಳಿದ ಎನಾಮೆಲ್ ಪೇಂಟ್ ಮನೆಯಲ್ಲಿದೆ. ಅದನ್ನು ಹಚ್ಚಬಹುದೇ? (ಸಾಗರದ ಓದುಗರು)

ಉತ್ತರ: ಆ ಡಬ್ಬಿಯನ್ನು ಗೇಟಿಗೇ ಮೀಸಲಿಡಿ. ಎನಾಮೆಲ್ ಒಣಗಿದ ಮೇಲೆ ಗಟ್ಟಿ ಚಿಪ್ಪಿನಂತಾಗುತ್ತದೆ. ಗೇಟು ಬಾಗುವುದಿಲ್ಲವಾದ್ದರಿಂದ ಅಲ್ಲಿ ಅದು ಸರಿ, ಆದರೆ ಶೂ ಪ್ರತಿ ಹೆಜ್ಜೆಗೂ ಬೆರಳುಗಳ ಬುಡದಲ್ಲಿ ಮಡಿಯುತ್ತದೆ. ಕಾಲೇಜು ದಿನಗಳಲ್ಲಿ ನಾನೇ ಒಂದು ಜೊತೆ ಚಪ್ಪಲಿಗೆ ಇದನ್ನು ಬಳಿದು, ವಾರ ಕಳೆಯುವುದರೊಳಗೆ ಅದರ ಚೂರುಗಳನ್ನು ಜಗುಲಿಯಿಂದ ಗುಡಿಸಿದ್ದೇನೆ.

ಪಾಲಿಶ್ ಏಕೆ ಸೋತಿತು ಎಂಬುದನ್ನು ಅರಿತರೆ ಮುಂದಿನ ಕೆಲಸ ಸುಲಭವಾಗುತ್ತದೆ. ಪಾಲಿಶ್ ಎಂದರೆ ಮುಖ್ಯವಾಗಿ ಮೇಣ; ಅದರಲ್ಲಿರುವ ಅಲ್ಪ ಬಣ್ಣ ಇರುವ ಬಣ್ಣಕ್ಕೆ ಮೆರುಗು ಕೊಡಬಲ್ಲದು, ಬಣ್ಣವನ್ನೇ ಬದಲಿಸಲಾರದು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಚರ್ಮದ ಶೂಗಳ ಮೇಲೆ ಕಾರ್ಖಾನೆಯಲ್ಲಿಯೇ ಬಣ್ಣದ ಒಂದು ಪದರ, ಅದರ ಮೇಲೆ ಹೊಳಪಿನ ಇನ್ನೊಂದು ಪದರ ಇರುತ್ತವೆ. ಇವುಗಳ ಮೇಲೆ ನೀವು ವರ್ಷಗಟ್ಟಲೆ ತಿಕ್ಕಿದ ಮೇಣವೂ ಕೂತಿರುವುದರಿಂದ, ಹೊಸ ಬಣ್ಣಕ್ಕೆ ಚರ್ಮವೇ ಸಿಗುವುದಿಲ್ಲ. ಹೀಗಾಗಿ ಬಣ್ಣ ಹಚ್ಚುವುದಕ್ಕಿಂತ ಹಳೆಯದನ್ನು ತೆಗೆಯುವುದಕ್ಕೇ ಹೆಚ್ಚು ಸಮಯ ಕೊಡಬೇಕು.

ಲೇಸ್ ಬಿಚ್ಚಿ, ಧೂಳು ಕೊಡವಿ, ಒದ್ದೆ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ. ಅಟ್ಟೆಯ ಅಂಚಿಗೆ ಪೇಪರ್ ಟೇಪ್ ಅಂಟಿಸಿ. ಅನಂತರ ಹತ್ತಿಯನ್ನು ಹಳೆಯ ಬಣ್ಣ ಕರಗಿಸುವ ದ್ರವವಾದ ಅಸಿಟೋನಿನಲ್ಲಿ ಸ್ವಲ್ಪ ಅದ್ದಿ, ಅಂಗೈಯಗಲದಷ್ಟು ಜಾಗವನ್ನು ಒಮ್ಮೆಗೆ ಆರಿಸಿಕೊಂಡು ಉಜ್ಜುತ್ತ ಹೋಗಿ. ಹತ್ತಿಗೆ ಕಂದು ಬಣ್ಣ ಹತ್ತಿ, ಚರ್ಮದ ಹೊಳಪು ಹೋಗಿ ಮಂಕಾಗಿ ಕಂಡರೆ ಅಲ್ಲಿಗೆ ಸಾಕು. ಅಸಿಟೋನ್ ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಈ ಕೆಲಸವನ್ನು ಅಂಗಳದಲ್ಲಿ, ಒಲೆ ಮತ್ತು ದೀಪದಿಂದ ದೂರ ಕುಳಿತು ಮಾಡಿ. ಅಟ್ಟೆಯ ಅಂಟಿನ ಮೇಲೆ ಅದು ಹರಿದರೆ ಅಂಟು ಮೆತ್ತಗಾಗುತ್ತದೆ ಎಂಬುದನ್ನೂ ಮರೆಯದಿರಿ. ಒರೆಸಿದ ಕೂಡಲೇ ಮಿಂಚುವಂತೆ ಮಾಡುವ ಸ್ಪಂಜನ್ನು ನೀವು ಬಳಸುತ್ತಿದ್ದರೆ ಇನ್ನೊಂದು ಸುತ್ತು ಹೆಚ್ಚು ಉಜ್ಜಿ, ಏಕೆಂದರೆ ಅವುಗಳಲ್ಲಿ ಸಾಮಾನ್ಯವಾಗಿ ಸಿಲಿಕೋನ್ ಇರುತ್ತದೆ ಮತ್ತು ಅದರ ಮೇಲೆ ಯಾವ ಬಣ್ಣವೂ ಕೂರುವುದಿಲ್ಲ.

ಚರ್ಮಕ್ಕೆಂದೇ ಸಿಗುವ ಬಣ್ಣಗಳಲ್ಲಿ ಎರಡು ಬಗೆ. ಡೈ ಚರ್ಮದೊಳಕ್ಕೆ ಇಳಿಯುತ್ತದೆ, ಆದರೆ ಗಾಢದ ಕಡೆಗೆ ಮಾತ್ರ ಒಯ್ಯಬಲ್ಲದು. ಅಕ್ರಿಲಿಕ್ ಬಣ್ಣ ಮೇಲೆಯೇ ಕೂರುತ್ತದೆ. ಕಪ್ಪು ಶೂವನ್ನು ಬಿಳಿಯಾಗಿಸಬೇಕಾದರೆ ಅದೇ ದಾರಿ. ನಿಮ್ಮ ಶೂ ಕಂದಿನಿಂದ ಕಪ್ಪಿಗೆ ಹೋಗಬೇಕಾಗಿರುವುದರಿಂದ ನಾನು ಡೈಯನ್ನೇ ಸೂಚಿಸುತ್ತೇನೆ, ಕಿತ್ತುಬರಲು ಅದರಲ್ಲಿ ಪದರವೇ ಇಲ್ಲ. ಮೂತಿಯ ಬಳಿ ತರಚಿದ ಜಾಗ ಡೈಯನ್ನು ಹೆಚ್ಚು ಕುಡಿಯುತ್ತದೆ; ಕಪ್ಪಿನಲ್ಲಿ ಆ ವ್ಯತ್ಯಾಸ ಎದ್ದು ಕಾಣದು. ಸಿಂಥೆಟಿಕ್ ದಾರ ಮಾತ್ರ ಡೈಯನ್ನು ಸರಿಯಾಗಿ ಹೀರದೆ ಕಂದಾಗಿಯೇ ಉಳಿಯಬಹುದು, ಅದಕ್ಕೆ ತೆಳುವಾದ ಬ್ರಷ್‌ನಿಂದ ಕಪ್ಪು ಅಕ್ರಿಲಿಕ್ ಮುಟ್ಟಿಸಿ.

ಒಳಗೆ ಹಳೆಯ ಪತ್ರಿಕೆ ತುಂಬಿಸಿ, ತೆಳುವಾಗಿ ಹಚ್ಚಿ, ಒಂದು ಸುತ್ತು ಒಣಗಿದ ಮೇಲೆಯೇ ಇನ್ನೊಂದು ಸುತ್ತು ಹಚ್ಚಿ. ಮೊದಲ ಸುತ್ತು ಪಟ್ಟೆಪಟ್ಟೆಯಾಗಿ ಕಂಡು ನಿರಾಸೆಯಾಗುತ್ತದೆ. ಆ ನಿರಾಸೆಯಲ್ಲಿ ದಪ್ಪಗೆ ಬಳಿಯುವುದೇ ಎಲ್ಲರೂ ಮಾಡುವ ತಪ್ಪು. ಕೊನೆಗೆ ಒಣ ಬಟ್ಟೆಯಿಂದ ಚೆನ್ನಾಗಿ ತಿಕ್ಕಿ ಮೇಲುಳಿದ ಪುಡಿಯನ್ನು ತೆಗೆಯದಿದ್ದರೆ ಪ್ಯಾಂಟಿನ ಅಂಚು ಮತ್ತೆ ಕಪ್ಪಾದೀತು. ನಿಮ್ಮೂರಿನ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದೆ ಬಿಸಿಲು ಬರುವವರೆಗೆ ಕಾಯಿರಿ.

ಪ್ರಶ್ನೆ: ಮಗಳ ಬಿಳಿ ಕ್ಯಾನ್ವಾಸ್ ಶೂ ಹಳದಿಯಾಗಿದೆ. ಅದರ ಮೇಲೆ ಹೂವು ಬಿಡಿಸಬೇಕೆಂದು ಹಟ ಹಿಡಿದಿದ್ದಾಳೆ. (ದಾವಣಗೆರೆಯ ಓದುಗರು)

ಉತ್ತರ: ಬಿಡಿಸಲಿ. ನಮ್ಮ ಕಾಲದಲ್ಲಿ ಡ್ರಿಲ್ ಇರುವ ದಿನ ಬೆಳಿಗ್ಗೆ ಸೀಮೆಸುಣ್ಣ ತಿಕ್ಕಿ ಮೇಷ್ಟ್ರ ಕಣ್ಣು ತಪ್ಪಿಸುತ್ತಿದ್ದೆವು, ಇದು ಅದಕ್ಕಿಂತ ಎಷ್ಟೋ ವಾಸಿ. ಮೊದಲು ಶೂವನ್ನು ಒಗೆದು, ಸೋಪಿನ ಅಂಶ ಉಳಿಯದಂತೆ ಹಲವು ಬಾರಿ ಜಾಲಿಸಿ. ಸೋಪು ಉಳಿದರೆ ಒಣಗುವಾಗ ಹಳದಿ ಮರುಕಳಿಸುತ್ತದೆ. ಬಟ್ಟೆಗೆಂದೇ ಸಿಗುವ ಫ್ಯಾಬ್ರಿಕ್ ಬಣ್ಣ ಕೊಳ್ಳಿ. ಚಿತ್ರಕಲೆಯ ಅಕ್ರಿಲಿಕ್ ಮನೆಯಲ್ಲಿದ್ದರೆ ಅದಕ್ಕೆ ಫ್ಯಾಬ್ರಿಕ್ ಮೀಡಿಯಂ (ಬಟ್ಟೆಯ ಮೇಲೆ ಬಣ್ಣವನ್ನು ಮೆದುವಾಗಿಡುವ ದ್ರವ) ಬೆರೆಸಿ, ಇಲ್ಲವಾದರೆ ಕ್ಯಾನ್ವಾಸ್ ರಟ್ಟಿನಂತೆ ಬಿರುಸಾಗುತ್ತದೆ. ಬಣ್ಣ ಪೂರ್ತಿ ಒಣಗಿದ ಮೇಲೆ ಚಿತ್ರದ ಮೇಲೆ ತೆಳುವಾದ ಬಟ್ಟೆ ಹಾಸಿ ಇಸ್ತ್ರಿ ಒತ್ತಿದರೆ ಒಗೆತಕ್ಕೆ ತಡೆಯುತ್ತದೆ. ಇಸ್ತ್ರಿ ರಬ್ಬರಿಗೆ ತಾಗದಿರಲಿ.

ಪ್ರಶ್ನೆ: ರೆಕ್ಸಿನ್ ಶೂವಿನ ಮೇಲ್ಪದರ ಹಕ್ಕಳೆಯಾಗಿ ಏಳುತ್ತಿದೆ. ಬಣ್ಣ ಹಚ್ಚಿದರೆ ನಿಲ್ಲುವುದೇ? (ಕುಂದಾಪುರದ ಓದುಗರು)

ಉತ್ತರ: ನಿಲ್ಲುವುದಿಲ್ಲ. ಅಂತಹ ಶೂಗಳ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಪದರವನ್ನು ಕರಾವಳಿಯ ತೇವವೇ ಒಳಗಿನಿಂದ ಒಡೆಯುತ್ತದೆ; ಹೊಸ ಬಣ್ಣ ಆ ಹಕ್ಕಳೆಯೊಂದಿಗೇ ಉದುರುತ್ತದೆ. ಹಣ ಉಳಿಸಿಕೊಳ್ಳಿ.

ಪ್ರಶ್ನೆ: ಅಥಣಿಯಲ್ಲಿ ಕೊಂಡ ಕೊಲ್ಹಾಪುರಿ ಚಪ್ಪಲಿ ಮಳೆಯಲ್ಲಿ ನೆನೆದು ಕಲೆಯಾಗಿದೆ. ಬಣ್ಣ ಬಳಿಯಬಹುದೇ? (ಧಾರವಾಡದ ಓದುಗರು)

ಉತ್ತರ: ಇಲ್ಲಿ ನನ್ನ ಸಲಹೆ ಬೇರೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ, ಕರ್ನಾಟಕದ ನಾಲ್ಕು ಹಾಗೂ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಸೇರಿದ ಈ ಚಪ್ಪಲಿಯ ಚರ್ಮವನ್ನು ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡುತ್ತಾರೆ. ಅದರ ಮೇಲೆ ಕಾರ್ಖಾನೆಯ ದಪ್ಪ ಲೇಪವಿಲ್ಲ. ಅಕ್ರಿಲಿಕ್ ಬಳಿದರೆ ಆ ಚರ್ಮದ ಸಹಜ ಬಣ್ಣವೂ ಹೆಣಿಗೆಯ ಅಂದವೂ ಮುಚ್ಚಿಹೋಗುತ್ತವೆ. ನೆರಳಿನಲ್ಲಿ ನಿಧಾನವಾಗಿ ಒಣಗಿಸಿ, ಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿಕೊಂಡು ಇಡೀ ಚಪ್ಪಲಿಗೆ ಸಮನಾಗಿ ಒರೆಸಿ. ಚಪ್ಪಲಿ ಸ್ವಲ್ಪ ಗಾಢವಾಗುತ್ತದೆ, ಕಲೆ ಬಹುಮಟ್ಟಿಗೆ ಅದರಲ್ಲಿ ಬೆರೆತುಹೋಗುತ್ತದೆ. ಆಮೇಲೂ ಕಂಡರೆ ಮೊದಲ ಉತ್ತರದಲ್ಲಿ ಹೇಳಿದ ಚರ್ಮದ ಡೈಯನ್ನು ಒಂದು ಸುತ್ತು ಹಚ್ಚಬಹುದು, ಆದರೆ ಎಣ್ಣೆ ಹಚ್ಚಿದ ಕೂಡಲೇ ಅಲ್ಲ.