ಆಂಟಿಆಕ್ಸಿಡೆಂಟ್ ಮಾತ್ರೆ ಬೇಕಾ, ಊಟ ಸಾಕಾ?

ವಯಸ್ಸು 45, ಸಿಗರೇಟು ಇನ್ನೂ ಬಿಟ್ಟಿಲ್ಲ, ಆಕ್ಸಿಡೇಟಿವ್ ಸ್ಟ್ರೆಸ್ (ಫ್ರೀ ರ‍್ಯಾಡಿಕಲ್ ಎಂಬ ಚುರುಕು ಕಣಗಳು ಜೀವಕೋಶಗಳಿಗೆ ಮಾಡುವ ಹಾನಿ) ತಡೆಯಲು ಆಂಟಿಆಕ್ಸಿಡೆಂಟ್, ಅಂದರೆ ಆ ಹಾನಿಗೆ ಅಡ್ಡ ನಿಲ್ಲುವ ವಸ್ತುಗಳ ಮಾತ್ರೆ ಶುರು ಮಾಡಲಾ ಎಂದು ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ಆಹಾರ ವಿಜ್ಞಾನದ ಪಾಠ ಮಾಡುವವಳು. ಸೇದುವವರಿಗೆ ಬೀಟಾ ಕ್ಯಾರೋಟಿನ್ (ಕ್ಯಾರೆಟ್‌ನಲ್ಲಿರುವ ಕಿತ್ತಳೆ ಬಣ್ಣದ ಆಂಟಿಆಕ್ಸಿಡೆಂಟ್) ಮಾತ್ರೆ ಮಾತ್ರ ಬೇಡವೇ ಬೇಡ.

ಫಿನ್‌ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ಇದನ್ನು ಪರೀಕ್ಷಿಸಿದ್ದರು. ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಉಳಿದವರಿಗೆ ಔಷಧಿಯೇ ಇಲ್ಲದ ಮಾತ್ರೆ. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗೂ ಆಶ್ಚರ್ಯ. ಬೀಟಾ ಕ್ಯಾರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿಯಾಗಿತ್ತು! ತಮಾಷೆಯೆಂದರೆ, ಅದೇ ಪರೀಕ್ಷೆಯ ಜನರಲ್ಲಿ ಊಟದಿಂದಲೇ ಬೀಟಾ ಕ್ಯಾರೋಟಿನ್ ಚೆನ್ನಾಗಿ ಸಿಗುತ್ತಿದ್ದವರಿಗೆ ಆ ಕ್ಯಾನ್ಸರ್ ಕಡಿಮೆ ಇತ್ತು.

ಹಳೇ ಕಡಲೆಕಾಯಿ ಬೀಜ ಕಮಟು ವಾಸನೆ ಬರುತ್ತದಲ್ವಾ? ಅದರ ಎಣ್ಣೆಗೆ ಆಮ್ಲಜನಕ ತಗುಲಿ ಆಗುವ ಕೆಲಸ ಅದು. ನಮ್ಮ ಜೀವಕೋಶದ ಪೊರೆಯಲ್ಲೂ ಕೊಬ್ಬಿದೆ, ಅದೂ ಹೀಗೇ ಕೆಡಬಲ್ಲದು. ಅಲ್ಲಿ ಕಾವಲಿಗೆ ನಿಲ್ಲುವುದು ವಿಟಮಿನ್ ಇ. ಕಾದು ಸವೆದ ವಿಟಮಿನ್ ಇಯನ್ನು ವಿಟಮಿನ್ ಸಿ ಮತ್ತೆ ಸರಿಮಾಡುತ್ತದೆ. ಜೊತೆಗೆ ಕಾವಲಿಗೆ ದೇಹ ತಾನೇ ತಯಾರಿಸುವ ಕಿಣ್ವಗಳಿವೆ (ಎನ್‌ಜೈಮ್). ಅವುಗಳಿಗೆ ಸತು, ತಾಮ್ರ, ಮ್ಯಾಂಗನೀಸ್, ಸೆಲೆನಿಯಂ ಬೇಕು. ಇಷ್ಟು ಜನರ ಕೆಲಸವನ್ನು ಒಂದೇ ಮಾತ್ರೆಗೆ ಹೊರಿಸಿದರೆ ಹೇಗೆ?

ಹಾಗಾಗಿ ಊಟದಲ್ಲೇ ನೋಡಿಕೊಳ್ಳಿ. ಸೇದುವವರಿಗೆ ವಿಟಮಿನ್ ಸಿ ಬೇಗ ಖರ್ಚಾಗುತ್ತದೆ. ದಿನಕ್ಕೆ 35 ಮಿಲಿಗ್ರಾಂ ಹೆಚ್ಚು ಬೇಕೆಂದು ಅಮೆರಿಕದ ಶಿಫಾರಸು ಹೇಳುತ್ತದೆ. ಒಂದು ಸೀಬೆಹಣ್ಣಿನಲ್ಲಿ ಅದಕ್ಕಿಂತ ಜಾಸ್ತಿಯೇ ಸಿಗುತ್ತದೆ. ಬೆಟ್ಟದ ನೆಲ್ಲಿಕಾಯಿ ಸಿಕ್ಕರೆ ಇನ್ನೂ ಒಳ್ಳೇದು. ಈ ವಿಟಮಿನ್ ಬಿಸಿಗೆ ಹಾಳಾಗುತ್ತದೆ, ಅದಕ್ಕೆ ನಿಂಬೆರಸವನ್ನು ಒಲೆ ಆರಿಸಿದ ಮೇಲೆ ಹಿಂಡಿ. ಟೊಮೆಟೊದ್ದು ಉಲ್ಟಾ: ಎಣ್ಣೆ ಹಾಕಿ ಬೇಯಿಸಿದರೇನೇ ಅದರ ಲೈಕೋಪೀನ್ ಎಂಬ ಕೆಂಪು ಆಂಟಿಆಕ್ಸಿಡೆಂಟ್ ಚೆನ್ನಾಗಿ ಮೈಗೆ ಹತ್ತುತ್ತದೆ. ಬಸ್ಸಾರು ಮಾಡುವಾಗ ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೇ ಹಾಕುತ್ತೇವಲ್ಲ, ಆ ಪದ್ಧತಿ ನನಗೆ ತುಂಬಾ ಇಷ್ಟ. ನೀರಿಗೆ ಇಳಿದದ್ದೂ ಹೊಟ್ಟೆಗೇ ಹೋಗುತ್ತದೆ. ಬಜ್ಜಿ ಕರಿದ ಎಣ್ಣೆಯನ್ನು ಮಾತ್ರ ಮತ್ತೆ ಮತ್ತೆ ಕಾಯಿಸಬೇಡಿ, ಅದೂ ಹಳೇ ಕಡಲೆಕಾಯಿ ಬೀಜದ ಎಣ್ಣೆಯಂತೆ ಕೆಡುತ್ತದೆ.

ಇನ್ನು ಸಿಗರೇಟು. ಒಂದೊಂದು ದಮ್ಮಿನಲ್ಲೂ ಕೋಟಿ ಕೋಟಿ ಫ್ರೀ ರ‍್ಯಾಡಿಕಲ್ ಒಳಗೆ ಹೋಗುತ್ತವೆ. ಸೀಬೆಹಣ್ಣು ಅದಕ್ಕೆ ಸಾಟಿಯಾಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.