ಹುಡುಗನ ಕೈ ಬಿಡಲೇ, ಬರೆದೇ ಬಿಡಲೇ?

ಪ್ರಶ್ನೆ: ನಾನು ವಾಯುಪಡೆಯಲ್ಲಿ ಹಾರಾಟ ಕಲಿಸುವ ಹೊಸ ಶಿಕ್ಷಕ. ನನ್ನ ಕೆಡೆಟ್‌ಗಳಲ್ಲಿ ಒಬ್ಬ ಹಾವೇರಿ ಕಡೆಯ ರೈತರ ಮಗ. ನೆಲದ ಮೇಲೆ ಏನು ಕೇಳಿದರೂ ಪಟಪಟ ಉತ್ತರ. ಮೇಲೆ ಹೋದರೆ ಬೇರೆಯೇ ಹುಡುಗ. ಇಳಿಯುವಾಗ ವೇಗ ಕುಸಿದರೂ ಗಮನಿಸುವುದಿಲ್ಲ, ರೇಡಿಯೊದಲ್ಲಿ ಎರಡು ಸಲ ಕರೆದರೂ ಓಗೊಡುವುದಿಲ್ಲ. ಅವನು ಒಬ್ಬನೇ ಹಾರಬೇಕಾದ ‘ಸೋಲೋ’ ಹತ್ತಿರ ಬಂದಿದೆ. ಇದ್ದದ್ದನ್ನು ವರದಿಯಲ್ಲಿ ಬರೆದರೆ ಅವನ ಹಾರಾಟ ನಿಂತೀತು. ಬರೆಯದೆ ನಾನೇ ಸದ್ದಿಲ್ಲದೆ ತಿದ್ದಲೇ? – ಹೆಸರು ಬೇಡ

ಉತ್ತರ: ಬರೆಯಿರಿ. ಇವತ್ತಿನ ಸಾರ್ಟಿಯದ್ದು, ಅಂದರೆ ಇವತ್ತಿನ ಹಾರಾಟದ್ದು, ಇವತ್ತೇ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. ಕಲಿಸಲು ಶುರು ಮಾಡಿದ ಹೊಸತರಲ್ಲಿ ನಾನೂ ಒಬ್ಬ ಹುಡುಗನ ಮೇಲಿನ ಮರುಕದಿಂದ ‘ಪರವಾಗಿಲ್ಲ’ ಎಂದೇ ಬರೆಯುತ್ತಾ ಹೋದೆ. ಸೋಲೋಗೆ ಮುಂಚಿನ ಪರೀಕ್ಷೆಗೆ ಬೇರೆ ಶಿಕ್ಷಕರು ಕೂತಾಗ ಎಲ್ಲ ಹೊರಬಿತ್ತು. ಹೆಚ್ಚುವರಿ ಸಾರ್ಟಿ ಕೇಳೋಣವೆಂದರೆ ಕಡತದಲ್ಲಿ ಕಷ್ಟದ ಸುಳಿವೇ ಇಲ್ಲ! ಆ ಹುಡುಗ ಹಾರಾಟ ಬಿಡಬೇಕಾಯಿತು. ಅವನಿಗೆ ಸಿಗಬೇಕಿದ್ದ ನೆರವನ್ನು ನನ್ನ ಮರುಕವೇ ತಪ್ಪಿಸಿತ್ತು.

ಆದರೆ ಬರೆಯುವ ರೀತಿ ಮುಖ್ಯ. ‘ದುರ್ಬಲ’ ಎಂದು ಬರೆದರೆ ಅದು ತೀರ್ಪು. ‘ಫೈನಲ್ಸ್‌ನಲ್ಲಿ (ಇಳಿಯಲು ರನ್‌ವೇಗೆ ನೇರವಾಗಿ ಬರುವ ಕೊನೆಯ ಹಂತ) ಕಣ್ಣು ರನ್‌ವೇಗೆ ಅಂಟಿಕೊಳ್ಳುತ್ತದೆ, ವೇಗದ ಮುಳ್ಳು ನೋಡುವುದಿಲ್ಲ, ಮೂರು ಸರ್ಕಿಟ್‌ನಲ್ಲೂ (ಮೇಲೇರಿ, ಸುತ್ತು ಹಾಕಿ, ಮತ್ತೆ ಇಳಿಯುವ ಸುತ್ತು) ಹೀಗೇ’ ಎಂದು ಬರೆದರೆ ನಿಮ್ಮ ಮೇಲಿನವರಿಗೆ ಏನು ಮಾಡಬೇಕೆಂದು ಗೊತ್ತಾಗುತ್ತದೆ.

ಕಷ್ಟದ ಬೇರು ಎಲ್ಲಿದೆ ಎಂದು ಹುಡುಕುವುದು ನಿಮಗೆ ನಮಗಿಂತ ಕಷ್ಟ. ನಾವು ಕಲಿಸುತ್ತಿದ್ದ ತರಬೇತಿ ವಿಮಾನ ಎಚ್‌ಪಿಟಿ-32ರಲ್ಲಿ ಶಿಷ್ಯ ಪಕ್ಕದಲ್ಲೇ ಕೂರುತ್ತಿದ್ದ. ಹಣೆಯ ಬೆವರು, ವಿಮಾನ ನಡೆಸುವ ಸ್ಟಿಕ್ ಹಿಡಿದ ಬೆರಳು ಎಲ್ಲ ಕಾಣುತ್ತಿತ್ತು. 2009ರಲ್ಲಿ ಅದರ ಹಾರಾಟ ನಿಂತಿತು. 2013ರಲ್ಲಿ ಬಂದ ಪಿಲಾಟಸ್ ವಿಮಾನದಲ್ಲಿ ನೀವು ಹಿಂದಿನ ಸೀಟು, ಅವನ ಹೆಲ್ಮೆಟ್‌ನ ಬೆನ್ನಷ್ಟೇ ನಿಮಗೆ ದರ್ಶನ. ಹಾಗಾಗಿ ಕಿವಿಯಿಂದ, ಅಂಗೈಯಿಂದ ನೋಡಬೇಕು. ಇಂಟರ್‌ಕಾಮ್‌ನಲ್ಲಿ ಅವನ ಉಸಿರು ಎಲ್ಲಿ ಬಿಗಿಯಾಗುತ್ತದೆ ಕೇಳಿ. ನಿಮ್ಮ ಸ್ಟಿಕ್ ಅವನದಕ್ಕೆ ಜೋಡಿಸಿದ್ದೇ ಅಲ್ಲವೇ, ಹಗುರವಾಗಿ ಬೆರಳಿಟ್ಟರೆ ಅವನ ಮುಷ್ಟಿ ತಿಳಿಯುತ್ತದೆ.

ನೇರ ಹಾರಾಟದಲ್ಲಿ ‘ಎರಡೇ ಬೆರಳಲ್ಲಿ ಹಿಡಿ’ ಅನ್ನಿ. ಮೂಗು ತಕ್ಷಣ ಏರಿದರೆ ಅಥವಾ ಇಳಿದರೆ, ಅವನು ಟ್ರಿಮ್ ಮಾಡಿಲ್ಲ (ಸ್ಟಿಕ್ ಒತ್ತಿ ಹಿಡಿಯದೆಯೂ ವಿಮಾನ ನೇರ ಹಾರುವಂತೆ ಹೊಂದಿಸಿಲ್ಲ), ಇಡೀ ಹೊತ್ತು ವಿಮಾನದ ಜೊತೆ ಕುಸ್ತಿ ಆಡುತ್ತಿದ್ದಾನೆ. ತಲೆಯೆಲ್ಲ ಆ ಕೈಯಲ್ಲೇ ಖರ್ಚಾದರೆ ಟವರ್‌ನ ಕರೆ ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ. ಅದನ್ನು ಉಡಾಫೆ ಅಂದುಕೊಳ್ಳಬೇಡಿ.

ಬೆಳಿಗ್ಗೆ ತಿಂಡಿ ಬಿಟ್ಟು ಬರುತ್ತಿದ್ದಾನೆಯೇ ಎಂದೂ ಕೇಳಿ. ವಾಂತಿಗೆ ಹೆದರಿ ಹಾಗೆ ಮಾಡುವ, ಅದನ್ನು ಮುಚ್ಚಿಡುವ ಹುಡುಗರಿದ್ದಾರೆ. ಬಹಳ ಮಂದಿಗೆ ಹಾರುತ್ತ ಹಾರುತ್ತ ಅದು ಕಡಿಮೆಯಾಗುತ್ತದೆ. ಆಗದಿದ್ದರೆ ವಾಯುಪಡೆಯ ವೈದ್ಯರಿದ್ದಾರೆ. ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇಂಥವಕ್ಕೆಂದೇ 1957ರಿಂದ ಇದೆ. ನಿದ್ದೆ ಇಲ್ಲ, ಬದುಕೇ ಸಾಕು ಎಂಬ ಮಾತು ಬಂದರೆ ಮಾತ್ರ ಒಂದು ದಿನವೂ ಕಾಯದೆ ನೀವೇ ವೈದ್ಯರ ಬಳಿ ಕರೆದೊಯ್ಯಿರಿ.

ಇನ್ನೊಂದು, ಬೇಜಾರು ಮಾಡಿಕೊಳ್ಳಬೇಡಿ. ಅವನು ಹೆದರುತ್ತಿರುವುದು ನಿಮಗೇ ಇರಬಹುದು. ಫೈನಲ್ಸ್‌ನಲ್ಲಿ ನಿಮ್ಮ ದನಿ ಏರುತ್ತದೆಯೇ? ಒಂದೆರಡು ಸಾರ್ಟಿಗೆ ಬೇರೆ ಶಿಕ್ಷಕರನ್ನು ಕೂರಿಸಿ ಎಂದು ನೀವೇ ಕೇಳಿ. ಅದರಲ್ಲಿ ಅವಮಾನವಿಲ್ಲ.

ಇಷ್ಟಾಗಿಯೂ ಹಾರಾಟ ನಿಂತೀತು, ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಸಿದ್ಧವಿಲ್ಲದ ಹುಡುಗನನ್ನು ನಿಮ್ಮ ಸಹಿ ಒಂಟಿಯಾಗಿ ಆಕಾಶಕ್ಕೆ ಕಳಿಸಬಾರದು. ವಾಯುಪಡೆಯಲ್ಲಿ ನೆಲದ ಮೇಲಿನ ಶಾಖೆಗಳೂ ಇವೆ.

ವರದಿಯಲ್ಲಿ ಬರೆದದ್ದನ್ನು ಮೊದಲು ಅವನಿಗೇ ಹೇಳಿ, ಬಾಗಿಲು ಹಾಕಿಕೊಂಡು. ಆಮೇಲೆ ಖಾಲಿ ಬ್ರೀಫಿಂಗ್ ಕೋಣೆಯಲ್ಲಿ ಕುರ್ಚಿ ಎಳೆದು ಕೂರಿಸಿ, ಕಣ್ಣು ಮುಚ್ಚಿಸಿ, ಇಡೀ ಸರ್ಕಿಟ್ ಬಾಯಲ್ಲಿ ಹಾರಿಸಲಿ. ಮೊದಲ ಸಲ ಕನ್ನಡದಲ್ಲೇ ಹೇಳಲಿ. ನಡುವೆ ನೀವು ಟವರ್ ಆಗಿ ಕರೆಯಿರಿ. ಅವನ ಮಾತು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ನಾಳೆಯ ಪಾಠ ಶುರು ಮಾಡಿ.